ಹೆಂಡತಿಯೇ ಬಿಡುಗಡೆ ಬಯಸಿದರೆ?

(ಕಾಲೇಜೊಂದರ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಇಸ್ಲಾಮಿನಲ್ಲಿ ವಿವಾಹ ವಿಚ್ಛೇದನ ಎಂದೊಡನೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಮೂರು ಮಾತು. ಗಂಡ ಮೂರು ಬಾರಿ ‘ತಲಾಖ್’ ಎಂದ, ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ತವರಿಗೆ ನಡೆದಳು. ಸಿನಿಮಾದಲ್ಲಿ, ಪತ್ರಿಕೆಗಳಲ್ಲಿ, ಚುನಾವಣಾ ಭಾಷಣಗಳಲ್ಲಿ ನಾವು ಕಂಡು ಕೇಳಿದ ಚಿತ್ರ ಇದು. ಈ ಚಿತ್ರ ಸುಳ್ಳೆಂದು ನಾನು ಹೇಳಲಾರೆ. ಅದಕ್ಕೆ ಬಲಿಯಾದ ಹೆಣ್ಣುಮಕ್ಕಳು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಈ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಯಾರ ಕಿವಿಗೂ ಬೀಳದೆ ಹೋಗುತ್ತದೆ. ಗಂಡ ಬಿಡುವುದೂ ಇಲ್ಲ, ಅನ್ನ ಹಾಕುವುದೂ ಇಲ್ಲ. ಅಥವಾ ಊರು ಬಿಟ್ಟು ಹೋಗಿ ವರ್ಷಗಳಾದವು, ಬದುಕಿದ್ದಾನೋ ಇಲ್ಲವೋ ತಿಳಿಯದು. ಅಂಥವನ ಹೆಂಡತಿಗೆ ಬಿಡುಗಡೆಯ ದಾರಿ ಯಾವುದು? ತಲಾಖ್ ಹೇಳಿಸಿಕೊಂಡವಳ ಕಷ್ಟ ನಮಗೆ ಕಾಣುತ್ತದೆ. ಎಷ್ಟು ಬೇಡಿದರೂ ತಲಾಖ್ ಸಿಗದವಳ ಕಷ್ಟ ಅದಕ್ಕಿಂತ ಕಡಿಮೆಯದಲ್ಲ. ಇವತ್ತು ನಾನು ಮಾತನಾಡಬೇಕೆಂದಿರುವುದು ಮುಖ್ಯವಾಗಿ ಈ ಎರಡನೆಯವಳ ಬಗ್ಗೆ.

ಮೊದಲು ಒಂದೆರಡು ಮೂಲ ಸಂಗತಿಗಳು. ಇಸ್ಲಾಮಿ ಕಾನೂನಿನಲ್ಲಿ ನಿಕಾಹ್ ಎಂಬುದು ಸಂಸ್ಕಾರಕ್ಕಿಂತ ಹೆಚ್ಚಾಗಿ ಒಂದು ಕರಾರು. ಒಂದು ಕಡೆಯಿಂದ ಪ್ರಸ್ತಾಪ, ಇನ್ನೊಂದು ಕಡೆಯಿಂದ ಒಪ್ಪಿಗೆ, ಸಾಕ್ಷಿಗಳು, ಜೊತೆಗೆ ಮಹರ್. ಮಹರ್ ಎಂದರೆ ಗಂಡ ಹೆಂಡತಿಗೆ ಕೊಡಬೇಕಾದ ಧನ. ಅದು ಆಕೆಯ ತಂದೆಗೆ ಸಲ್ಲುವಂಥದಲ್ಲ, ಆಕೆಯ ಸ್ವಂತ ಸೊತ್ತು. ಕರಾರು ಎಂದ ಮೇಲೆ ಅದರಲ್ಲಿ ಷರತ್ತುಗಳನ್ನು ಬರೆಯಬಹುದು, ಅದನ್ನು ಮುರಿಯಲೂಬಹುದು. ಹಿಂದೂ ವಿವಾಹದಲ್ಲಿ ವಿಚ್ಛೇದನವೆಂಬ ಮಾತೇ ಬಹುಕಾಲ ಶಾಸ್ತ್ರಕ್ಕೆ ಹೊರಗಾಗಿತ್ತು. ಅಖಿಲ ಭಾರತ ಮಟ್ಟದಲ್ಲಿ ಅದು ಹಕ್ಕಾಗಿ ಬಂದದ್ದು 1955ರ ಕಾಯಿದೆಯಿಂದ. ಇಸ್ಲಾಮಿನಲ್ಲಿ ಏಳನೆಯ ಶತಮಾನದಿಂದಲೇ ವಿಚ್ಛೇದನಕ್ಕೆ ಅವಕಾಶ ಇತ್ತು. ಯಾರಿಗೆ ಎಷ್ಟು ಅವಕಾಶ ಎಂಬಲ್ಲಿಂದ ತಕರಾರು ಶುರುವಾಗುತ್ತದೆ.

ಕುರ್‌ಆನ್ ವಿಧಿಸಿದ ತಲಾಖ್ ಒಂದು ನಿಧಾನದ ಪ್ರಕ್ರಿಯೆ. ಗಂಡಹೆಂಡಿರ ನಡುವೆ ಬಿರುಕು ಕಂಡರೆ ಆತನ ಕಡೆಯಿಂದೊಬ್ಬರು, ಆಕೆಯ ಕಡೆಯಿಂದೊಬ್ಬರು ಮಧ್ಯಸ್ಥರು ಕೂತು ರಾಜಿಗೆ ಯತ್ನಿಸಬೇಕು. ಅದು ಆಗದಿದ್ದರೆ ಒಂದು ಬಾರಿ ತಲಾಖ್. ಆಮೇಲೆ ಮೂರು ಮುಟ್ಟಿನ ಅವಧಿ ಕಾಯಬೇಕು. ಇದಕ್ಕೆ ಇದ್ದತ್ ಎಂದು ಹೆಸರು. ಈ ಅವಧಿಯಲ್ಲಿ ಹೆಂಡತಿ ಅದೇ ಮನೆಯಲ್ಲಿರಬೇಕು, ಆಕೆಯನ್ನು ಹೊರಗೆ ಹಾಕುವಂತಿಲ್ಲ. ಗಂಡನ ಮನಸ್ಸು ಬದಲಾದರೆ ತಲಾಖ್ ಹಿಂತೆಗೆದುಕೊಳ್ಳಬಹುದು. ಹೀಗೆ ಹಿಂತೆಗೆದುಕೊಳ್ಳುವ ಅವಕಾಶ ಬಾಳಿನಲ್ಲಿ ಎರಡೇ ಸಲ. ಮೂರನೆಯ ಬಾರಿ ಬಿಟ್ಟರೆ ಆಕೆ ಬೇರೊಬ್ಬನನ್ನು ಮದುವೆಯಾಗಿ, ಆ ಮದುವೆಯೂ ತಾನಾಗಿ ಕೊನೆಗೊಂಡ ಹೊರತು ಮೊದಲಿನವನಿಗೆ ಮತ್ತೆ ಹೆಂಡತಿಯಾಗುವಂತಿಲ್ಲ. ಹೆಂಡತಿಯನ್ನು ಬಿಡುವುದು, ಮತ್ತೆ ಕರೆಯುವುದು, ಮತ್ತೆ ಬಿಡುವುದು – ಹೀಗೆ ಆಕೆಯನ್ನು ಚೆಂಡಿನಂತೆ ಆಡಿಸುತ್ತಿದ್ದ ಅರಬರ ಹಳೆಯ ಚಾಳಿಗೆ ಹಾಕಿದ ಕಡಿವಾಣ ಇದು.

ಕಡಿವಾಣ ಹಾಕಿದ್ದು ಗಂಡಸಿಗೆ. ಅದು ಹೆಣ್ಣಿನ ಕುತ್ತಿಗೆಗೆ ಹೇಗೆ ಬಿತ್ತೆಂಬುದು ತಿಳಿಯಬೇಕಾದರೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಓದಬೇಕು. ಕಾಸರಗೋಡಿನ ಈ ಲೇಖಕಿ 1980ರ ದಶಕದಲ್ಲಿ ಬರೆದ ಈ ಕೃತಿಯಲ್ಲಿ ನಾದಿರಾಳಿಗಾಗಲಿ ಅವಳ ಗಂಡನಿಗಾಗಲಿ ಬೇರೆಯಾಗುವ ಆಸೆಯಿಲ್ಲ. ತಂದೆಯ ಹಟಕ್ಕೆ ತಲಾಖ್ ಆಗುತ್ತದೆ. ಮತ್ತೆ ಒಂದಾಗಬೇಕೆಂದಾಗ ಒಂದು ದಿನದ ಮಟ್ಟಿಗೆ ಬೇರೊಬ್ಬನ ಹೆಂಡತಿಯಾಗಿ ಬಾ ಎನ್ನುತ್ತಾರೆ. ಆಕೆ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಇಂಥ ಲೆಕ್ಕಾಚಾರದ ಮದುವೆಯನ್ನು ಪ್ರವಾದಿಯವರೇ ಶಪಿಸಿದ್ದರೆಂದು ಹದೀಸ್‌ಗಳು ಹೇಳುತ್ತವೆ. ಹಾಗಿದ್ದರೂ ರೂಢಿ ನಿಲ್ಲಲಿಲ್ಲ.

ಒಂದೇ ಉಸಿರಿನ ಮೂರು ತಲಾಖ್ ಎಲ್ಲಿಂದ ಬಂತು? ಪ್ರವಾದಿಯವರ ಕಾಲದಲ್ಲಿ, ಮೊದಲ ಖಲೀಫ ಅಬೂಬಕ್ಕರರ ಕಾಲದಲ್ಲಿ, ಎರಡನೆಯ ಖಲೀಫ ಉಮರರ ಆಡಳಿತದ ಮೊದಲೆರಡು ವರ್ಷ, ಒಟ್ಟಿಗೆ ಹೇಳಿದ ಮೂರನ್ನು ಒಂದೇ ಎಂದು ಎಣಿಸುತ್ತಿದ್ದರೆಂದು ಇಬ್ನ್ ಅಬ್ಬಾಸರ ಹೆಸರಿನಲ್ಲಿ ಬಂದ ವರದಿ ತಿಳಿಸುತ್ತದೆ. ಜನ ಈ ವಿಷಯದಲ್ಲಿ ಅವಸರಪಡುತ್ತಿದ್ದಾರೆ, ಹಾಗಾದರೆ ಅದರ ಫಲವನ್ನು ಅನುಭವಿಸಲಿ ಎಂದು ಉಮರರು ಮೂರನ್ನೂ ಮೂರೇ ಎಂದು ಜಾರಿಗೆ ತಂದರು. ಅವಸರದ ಗಂಡಂದಿರಿಗೆ ಹಾಕಿದ ದಂಡ ಅದು. ಸುನ್ನಿಗಳ ನಾಲ್ಕೂ ಪಂಥಗಳು ಅದನ್ನೇ ಕಾನೂನಾಗಿ ಉಳಿಸಿಕೊಂಡವು. ದಂಡ ತೆತ್ತವಳು ಮಾತ್ರ ಹೆಂಡತಿ. ಶಿಯಾಗಳು ಇದನ್ನು ಒಪ್ಪಲಿಲ್ಲ, ಅವರಲ್ಲಿ ತಲಾಖಿಗೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ತೈಮಿಯ್ಯ ಮೂರು ಒಂದೇ ಎಂದು ವಾದಿಸಿದರು, ತಲಾಖ್ ಕುರಿತ ತಮ್ಮ ಫತ್ವಾಗಳಿಗಾಗಿ ಸೆರೆವಾಸವನ್ನೂ ಅನುಭವಿಸಿದರು. ಈಜಿಪ್ಟ್ 1929ರಲ್ಲೇ ಅವರ ದಾರಿಗೆ ಬಂತು.

ಇನ್ನು ಹೆಂಡತಿಯ ಕಡೆಗೆ ಬರೋಣ. ಮದೀನಾದ ಎರಡು ಘಟನೆಗಳನ್ನು ಹದೀಸ್ ಸಂಗ್ರಹಗಳು ಕಾದಿಟ್ಟಿವೆ. ಮೊದಲನೆಯದು ಸಾಬಿತ್ ಇಬ್ನ್ ಕೈಸ್ ಎಂಬಾತನ ಹೆಂಡತಿಯದು. ಆಕೆ ಪ್ರವಾದಿಯವರ ಬಳಿ ಬಂದು, ಗಂಡನ ನಡತೆಯಲ್ಲಾಗಲಿ ಧರ್ಮದಲ್ಲಾಗಲಿ ತಪ್ಪಿಲ್ಲ, ಆದರೆ ಅವನೊಡನೆ ಬಾಳಲಾರೆ ಎಂದಳು. ಮಹರ್ ಆಗಿ ಅವನು ಕೊಟ್ಟ ತೋಟವನ್ನು ಹಿಂದಿರುಗಿಸುತ್ತೀಯಾ ಎಂದು ಪ್ರವಾದಿಯವರು ಕೇಳಿದರು. ಹೌದೆಂದಳು. ತೋಟ ತೆಗೆದುಕೊಂಡು ಆಕೆಯನ್ನು ಬಿಡು ಎಂದು ಗಂಡನಿಗೆ ಹೇಳಿದರು. ಅಷ್ಟೇ. ಯಾಕೆ, ಏನು ಎಂಬ ವಿಚಾರಣೆಯಿಲ್ಲ. ಹೆಂಡತಿ ಮುಂದಾಗಿ ಪಡೆಯುವ ಈ ಬಿಡುಗಡೆಗೆ ಖುಲಾ ಎಂದು ಹೆಸರು.

ಎರಡನೆಯದು ಬರೀರಾ ಎಂಬ ದಾಸಿಯದು. ಅವಳಿಗೆ ದಾಸ್ಯದಿಂದ ಬಿಡುಗಡೆಯಾದಾಗ, ದಾಸನೇ ಆಗಿದ್ದ ಗಂಡ ಮುಗೀಸ್‌ನೊಡನೆ ಇರುವುದೋ ಬಿಡುವುದೋ ಎಂಬ ಆಯ್ಕೆ ಅವಳದಾಯಿತು. ಅವಳು ಬಿಟ್ಟಳು. ಅವನು ಗಡ್ಡವೆಲ್ಲ ಒದ್ದೆಯಾಗುವಂತೆ ಅಳುತ್ತ ಅವಳ ಹಿಂದೆ ಮದೀನಾದ ಬೀದಿಗಳಲ್ಲಿ ಅಲೆದನಂತೆ. ಪ್ರವಾದಿಯವರು ಕನಿಕರಪಟ್ಟು, ಅವನ ಬಳಿಗೆ ಹಿಂದಿರುಗಬಾರದೇ ಎಂದರು. ಇದು ಆಜ್ಞೆಯೇ ಎಂದು ಬರೀರಾ ಕೇಳಿದಳು. ಅಲ್ಲ, ಶಿಫಾರಸು ಅಷ್ಟೇ ಎಂದರು. ಹಾಗಾದರೆ ನನಗೆ ಅವನು ಬೇಡ ಎಂದಳು. ನನಗೆ ಬಹಳ ಇಷ್ಟವಾದ ಪ್ರಸಂಗ ಇದು. ನಿನ್ನೆ ಮೊನ್ನೆಯವರೆಗೆ ದಾಸಿಯಾಗಿದ್ದವಳು, ಪ್ರವಾದಿಯವರ ಬಾಯಿಂದ ಬಂದ ಮಾತಿನಲ್ಲೂ ಆಜ್ಞೆ ಯಾವುದು, ಸಲಹೆ ಯಾವುದು ಎಂದು ವಿಂಗಡಿಸಿ ಕೇಳುವ ಧೈರ್ಯ ಮಾಡಿದಳಲ್ಲ!

ಇಷ್ಟು ಸರಳವಾಗಿದ್ದದ್ದು ಮುಂದಿನ ಎರಡು ಮೂರು ಶತಮಾನಗಳಲ್ಲಿ ನ್ಯಾಯಶಾಸ್ತ್ರಜ್ಞರ ಕೈಯಲ್ಲಿ ಜಟಿಲವಾಯಿತು. ಹನಫಿ, ಮಾಲಿಕಿ, ಶಾಫಿಈ, ಹಂಬಲಿ ಎಂಬ ನಾಲ್ಕು ಪಂಥಗಳು ರೂಪುಗೊಂಡವು. ತೋಟದ ಪ್ರಸಂಗದಲ್ಲಿ ಪ್ರವಾದಿಯವರು ಗಂಡನಿಗೆ ಹೇಳಿದ್ದು ತೀರ್ಪೋ ಅಥವಾ ಸಲಹೆಯೋ ಎಂಬ ಪ್ರಶ್ನೆ ಎದ್ದಿತು. ಸಲಹೆ ಎಂದೇ ಬಹುಮತ. ಆದ್ದರಿಂದ ಖುಲಾಕ್ಕೆ ಗಂಡನ ಒಪ್ಪಿಗೆ ಬೇಕು ಎಂದಾಯಿತು. ಅಂದರೆ ಹೆಂಡತಿ ಬಿಡುಗಡೆಯನ್ನು ಕೊಳ್ಳಬಹುದು, ಆದರೆ ಮಾರುವುದೂ ಬಿಡುವುದೂ ಗಂಡನ ಇಷ್ಟ. ಗಂಡನ ಒಪ್ಪಿಗೆಯಿಲ್ಲದೆ ಖಾಜಿಯೇ ಮದುವೆಯನ್ನು ರದ್ದುಮಾಡುವ ಇನ್ನೊಂದು ದಾರಿಯೂ ಇತ್ತು. ಅದಕ್ಕೆ ಫಸ್ಖ್ ಎಂದು ಹೆಸರು. ಇದರಲ್ಲಿ ಮಾಲಿಕಿಗಳು ತುಂಬ ಉದಾರಿಗಳು: ಹಿಂಸೆ, ಅನ್ನವಸ್ತ್ರ ಕೊಡದಿರುವುದು, ಬಿಟ್ಟುಹೋಗುವುದು ಎಲ್ಲವೂ ಅವರಿಗೆ ಕಾರಣವೇ. ಶಾಫಿಈಗಳು ಹೆಂಡತಿಯನ್ನು ಸಾಕಲಾರದ ಗಂಡನಿಂದ ಬಿಡುಗಡೆಗೆ ಒಪ್ಪಿದರು. ಹನಫಿಗಳು ಮಾತ್ರ ಬಲು ಬಿಗಿ. ಗಂಡ ನಪುಂಸಕನಾಗಿದ್ದರೆ ಸರಿ, ಅದಲ್ಲದೆ ಹೆಚ್ಚು ಕಾರಣಗಳಿಗೆ ಜಾಗವಿಲ್ಲ. ಕಾಣೆಯಾದ ಗಂಡನಿಗೆ ಮಾಲಿಕಿಗಳಲ್ಲಿ ನಾಲ್ಕು ವರ್ಷ ಕಾದರೆ ಸಾಕು. ಹನಫಿಗಳಲ್ಲಿ ಅವನ ಓರಗೆಯವರೆಲ್ಲ ಸಾಯುವವರೆಗೆ, ಒಂದು ಅಭಿಪ್ರಾಯದಂತೆ ಅವನಿಗೆ ತೊಂಬತ್ತು ವರ್ಷ ತುಂಬುವವರೆಗೆ, ಕಾಯಬೇಕು. ಇಪ್ಪತ್ತೈದರ ಗಂಡ ಕಾಣೆಯಾದರೆ ಹೆಂಡತಿ ಅರವತ್ತೈದು ವರ್ಷ ದಾರಿ ನೋಡಬೇಕು!

ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು, ಕೇರಳದ ಮಾಪಿಳ್ಳೆಯರು ಬಹುತೇಕ ಶಾಫಿಈಗಳು. ಘಟ್ಟದ ಮೇಲಿನ ನಮ್ಮ ಮುಸ್ಲಿಮರು, ಉತ್ತರ ಭಾರತದವರು ಹೆಚ್ಚಾಗಿ ಹನಫಿಗಳು. ಹೀಗಾಗಿ ಭಾರತದ ಬಹುಪಾಲು ಮುಸ್ಲಿಂ ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಆ ನಾಲ್ಕರಲ್ಲಿ ಅತ್ಯಂತ ಕಿರಿದಾದ ಬಾಗಿಲು.

ಆ ಬಾಗಿಲನ್ನೂ ಬ್ರಿಟಿಷರು ಇನ್ನಷ್ಟು ಮುಚ್ಚಿದರು. ಮುಚ್ಚಬೇಕೆಂದು ಮುಚ್ಚಿದ್ದಲ್ಲ, ಅರ್ಥಮಾಡಿಕೊಳ್ಳದೆ ಮುಚ್ಚಿದ್ದು. ಹನ್ನೆರಡನೆಯ ಶತಮಾನದಲ್ಲಿ ಮಧ್ಯ ಏಷ್ಯಾದ ಫರ್ಗಾನಾ ಕಡೆಯ ಮರ್ಗೀನಾನಿ ಎಂಬ ವಿದ್ವಾಂಸ ಬರೆದ ‘ಹಿದಾಯ’ ಎಂಬ ಹನಫಿ ಗ್ರಂಥ 1791ರಲ್ಲಿ ಇಂಗ್ಲಿಷಿಗೆ ಬಂತು. ಅರಬ್ಬಿ ಬಾರದ ನ್ಯಾಯಾಧೀಶರಿಗೆ ಅದೇ ಸಂಹಿತೆಯಾಯಿತು. ಖಾಜಿ ತನ್ನ ಮುಂದೆ ನಿಂತ ಹೆಣ್ಣಿನ ಸಂಕಟ ನೋಡಿ ಬೇರೆ ಪಂಥದ ಅಭಿಪ್ರಾಯವನ್ನು ಆಶ್ರಯಿಸುವ ಅವಕಾಶ ಹಳೆಯ ಪದ್ಧತಿಯಲ್ಲಿ ಅಲ್ಪಸ್ವಲ್ಪ ಇತ್ತು. ಮುದ್ರಿತ ಪುಸ್ತಕಕ್ಕೆ ಆ ಕನಿಕರವಿಲ್ಲ. 1864ರಲ್ಲಿ ಸರ್ಕಾರ ನೇಮಿಸುತ್ತಿದ್ದ ಖಾಜಿಗಳ ಹುದ್ದೆಯೂ ರದ್ದಾಯಿತು. 1861ರಲ್ಲಿ ಮುನ್ಷಿ ಬಜಲೂರ್ ರಹೀಮ್ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ತಲಾಖ್ ಗಂಡನ ಸ್ವೇಚ್ಛೆಯ ಕೆಲಸ, ಖುಲಾ ಆಗಬೇಕಾದರೆ ಗಂಡನ ಸಮ್ಮತಿ ಬೇಕು ಎಂದು ಅಂತಿಮ ಮುದ್ರೆ ಒತ್ತಿತು. ಮಧ್ಯಸ್ಥರಿಲ್ಲ, ಖಾಜಿಯಿಲ್ಲ, ಗಂಡ ಒಪ್ಪದಿದ್ದರೆ ಖುಲಾ ಇಲ್ಲ.

ಹಾಗಾದಾಗ ಹೆಂಗಸರು ಏನು ಮಾಡಿದರು? ಸುಮ್ಮನೆ ಕೂರಲಿಲ್ಲ. ಇಲ್ಲಿಂದ ಮುಂದಿನ ಕತೆ ಮುಖ್ಯವಾಗಿ ಪಂಜಾಬಿನದು.

ಹನಫಿ ಶಾಸ್ತ್ರದಲ್ಲಿ ಒಂದು ನಿಯಮವಿತ್ತು: ಗಂಡ ಹೆಂಡಿರಲ್ಲಿ ಯಾರೊಬ್ಬರು ಇಸ್ಲಾಂ ತೊರೆದರೂ ಮದುವೆ ತಕ್ಷಣ ಬಿದ್ದುಹೋಗುತ್ತದೆ. ಹೆಂಡತಿ ತೊರೆದರೆ ಆಕೆಯನ್ನು ಸೆರೆಯಲ್ಲಿಟ್ಟು, ಮತ್ತೆ ಮುಸ್ಲಿಮಳನ್ನಾಗಿ ಮಾಡಿ, ಅದೇ ಗಂಡನಿಗೆ ಮದುವೆ ಮಾಡಿಕೊಡಬೇಕೆಂದೂ ಶಾಸ್ತ್ರಕಾರರು ಹೇಳಿದ್ದರು. ಬ್ರಿಟಿಷ್ ನ್ಯಾಯಾಲಯಗಳು ಮೊದಲ ಅರ್ಧವನ್ನು ಒಪ್ಪಿದವು, ಎರಡನೆಯ ಅರ್ಧವನ್ನು ಕೈಬಿಟ್ಟವು. ಹೀಗೆ ಯಾರೂ ಉದ್ದೇಶಿಸದ ಒಂದು ಕಿಂಡಿ ತೆರೆದುಕೊಂಡಿತು. ಬಿಡುಗಡೆ ಸಿಗದ ಹೆಂಗಸರು ತಾವು ಇಸ್ಲಾಂ ಬಿಟ್ಟೆವೆಂದು, ಹೆಚ್ಚಾಗಿ ಕ್ರೈಸ್ತರಾದೆವೆಂದು, ಘೋಷಿಸಿ ನ್ಯಾಯಾಲಯಕ್ಕೆ ಹೋಗತೊಡಗಿದರು. ಮದುವೆ ರದ್ದಾಯಿತು ಎಂಬ ಡಿಕ್ರಿ ಕೈಗೆ ಬರುತ್ತಿತ್ತು. ಹಲವರು ಆಮೇಲೆ ಸದ್ದಿಲ್ಲದೆ ಹಳೆಯ ನಂಬಿಕೆಗೇ ಮರಳುತ್ತಿದ್ದರು. ಹುಟ್ಟಿದಾರಭ್ಯ ನಮಾಜು ಮಾಡಿಕೊಂಡು ಬಂದ ಹೆಂಗಸು ಒಬ್ಬ ಗಂಡಸಿನಿಂದ ಪಾರಾಗಲು ತನ್ನ ದೇವರನ್ನೇ ನಿರಾಕರಿಸಬೇಕಾಗಿ ಬಂದ ಸ್ಥಿತಿಯನ್ನು ನೀವು ಊಹಿಸಿಕೊಳ್ಳಿ.

ಇದು ಎಷ್ಟು ಬಹಿರಂಗ ಸಂಗತಿಯಾಗಿತ್ತೆಂದರೆ, ಕವಿ ಮಹಮ್ಮದ್ ಇಕ್ಬಾಲರು ಇಸ್ಲಾಮಿನ ಧಾರ್ಮಿಕ ಚಿಂತನೆಯ ಪುನಾರಚನೆ ಕುರಿತ ತಮ್ಮ ಇಂಗ್ಲಿಷ್ ಉಪನ್ಯಾಸಗಳಲ್ಲಿ – ಅವು 1930ರಲ್ಲಿ ಪುಸ್ತಕವಾದವು – ಪಂಜಾಬಿನ ಈ ಹೆಂಗಸರನ್ನು ನೇರವಾಗಿ ಪ್ರಸ್ತಾಪಿಸಿದರು. ಜನರನ್ನು ಧರ್ಮದಲ್ಲಿ ಉಳಿಸಬೇಕಾದ ಕಾನೂನೇ ಅವರನ್ನು ಹೊರಕ್ಕೆ ತಳ್ಳುತ್ತಿದೆಯೆಂಬುದು ಅವರ ಅಳಲು.

ಇಕ್ಬಾಲರು ಆಧುನಿಕ ವಿದ್ಯಾಭ್ಯಾಸದವರು, ಹಾಗೆ ಹೇಳಿದ್ದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಪರಿಹಾರ ಬಂದದ್ದು ತೀರ ಸಂಪ್ರದಾಯಸ್ಥರಾದ ಒಬ್ಬ ಮೌಲಾನಾರಿಂದ. ಉತ್ತರ ಪ್ರದೇಶದ ಥಾನಾ ಭವನದ ಅಶ್ರಫ್ ಅಲಿ ಥಾನವಿ ದೇವಬಂದ್ ಪರಂಪರೆಯ ದೊಡ್ಡ ಹೆಸರು. ಇದೇ ಥಾನವಿಯವರು 1913ರಲ್ಲಿ, ಹೆಂಡತಿ ಧರ್ಮ ಬಿಟ್ಟರೆ ಮದುವೆ ಮುರಿಯುತ್ತದೆ ಎಂದು ಹಳೆಯ ಹನಫಿ ಅಭಿಪ್ರಾಯದಂತೆ ಫತ್ವಾ ಕೊಟ್ಟವರು. ಮುಂದೆ ಅವರು ಮರುವಿಚಾರ ಮಾಡಿದರು. ಮದೀನಾದ ಮಾಲಿಕಿ ಮುಫ್ತಿಗಳಿಗೆ ಪತ್ರ ಬರೆದು ಅವರ ಪಂಥದ ಅಭಿಪ್ರಾಯಗಳನ್ನು ತರಿಸಿಕೊಂಡರು. ದೇವಬಂದ್ ಮತ್ತು ಸಹಾರನ್‌ಪುರದ ವಿದ್ವಾಂಸರೊಡನೆ ಚರ್ಚಿಸಿ ಅವರ ಸಮ್ಮತಿ ಪಡೆದರು. 1931ರಲ್ಲಿ ‘ಅಲ್ ಹೀಲತುನ್ ನಾಜಿಝ’ ಎಂಬ ಉರ್ದು ಗ್ರಂಥ ಹೊರಬಂತು. ಅಸಹಾಯಕ ಪತ್ನಿಗೆ ಫಲಕಾರಿಯಾದ ಉಪಾಯ ಎಂದು ಅದರ ಪೂರ್ಣ ಹೆಸರಿನ ತಾತ್ಪರ್ಯ. ಹನಫಿಗಳು ಹನಫಿಗಳಾಗಿಯೇ ಉಳಿದು, ಸಂಕಟದ ಸಂದರ್ಭದಲ್ಲಿ ಈ ವಿಷಯದ ಮಟ್ಟಿಗೆ ಮಾಲಿಕಿ ಕಾನೂನನ್ನು ಅನುಸರಿಸಬಹುದು ಎಂಬುದು ಅದರ ಸಾರ. ಕಾಣೆಯಾದ ಗಂಡ, ಹುಚ್ಚನಾದ ಗಂಡ, ಶಕ್ತಿಯಿದ್ದೂ ಅನ್ನ ಹಾಕದ ಗಂಡ – ಎಲ್ಲರಿಂದಲೂ ಬಿಡುಗಡೆಗೆ ದಾರಿ ಉಂಟು. ಖಾಜಿಯಿಲ್ಲದ ಕಡೆ ಊರಿನ ಯೋಗ್ಯ ಮುಸ್ಲಿಮರ ಪಂಚಾಯ್ತಿಯೇ ಆ ಕೆಲಸ ಮಾಡಬಹುದು. ಆದರೆ ಧರ್ಮ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ಕಿಂಡಿಯನ್ನು ಮುಚ್ಚಿದರು, ಬಾಗಿಲನ್ನು ತೆರೆದರು. ಅವರ ಮುಖ್ಯ ಚಿಂತೆ ಹೆಣ್ಣಿನ ಹಕ್ಕಿಗಿಂತ ಧರ್ಮದ ರಕ್ಷಣೆಯೇ ಇದ್ದಿರಬಹುದು. ಆದರೆ ಆ ಹೆಂಗಸರು ಕಿಂಡಿಯಲ್ಲಿ ನುಗ್ಗದೆ ಇದ್ದಿದ್ದರೆ ಯಾವ ಮೌಲಾನಾರೂ ಮದೀನಾಕ್ಕೆ ಪತ್ರ ಬರೆಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇತಿಹಾಸದ ಪುಸ್ತಕಗಳಲ್ಲಿ ಥಾನವಿಯವರ ಹೆಸರಿದೆ, ಇಕ್ಬಾಲರ ಹೆಸರಿದೆ. ಆ ಹೆಂಗಸರ ಹೆಸರು ಹಳೆಯ ಮೊಕದ್ದಮೆಗಳ ಕಡತಗಳಲ್ಲಿ ಮಾತ್ರ.

ಥಾನವಿಯವರ ಕೃತಿಯ ಆಧಾರದ ಮೇಲೆ 1936ರಲ್ಲಿ ಖಾಜಿ ಮಹಮ್ಮದ್ ಅಹಮದ್ ಕಾಜ್ಮಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. 1939ರಲ್ಲಿ ಅದು ಮುಸ್ಲಿಂ ವಿವಾಹಗಳ ವಿಸರ್ಜನಾ ಕಾಯಿದೆಯಾಯಿತು. ನಾಲ್ಕು ವರ್ಷ ಗಂಡನ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಅನ್ನವಸ್ತ್ರ ಕೊಡದಿದ್ದರೆ, ಏಳು ವರ್ಷದ ಸೆರೆವಾಸವಾದರೆ, ಮೂರು ವರ್ಷ ಸಂಸಾರ ನಡೆಸದಿದ್ದರೆ, ಹಿಂಸೆ ಕೊಟ್ಟರೆ ಹೆಂಡತಿ ನ್ಯಾಯಾಲಯದಿಂದ ವಿಚ್ಛೇದನ ಪಡೆಯಬಹುದು. ಹೆಂಡತಿಯ ಆಸ್ತಿಯನ್ನು ಗಂಡ ಮಾರಿಹಾಕುವುದು, ಒಬ್ಬಳಿಗಿಂತ ಹೆಚ್ಚು ಹೆಂಡಿರಿದ್ದಾಗ ಸಮನಾಗಿ ನೋಡದಿರುವುದು ಇವು ಕೂಡ ಹಿಂಸೆಯೇ ಎಂದು ಕಾಯಿದೆ ಹೇಳಿತು. ಧರ್ಮ ಬಿಟ್ಟರೆ ತಾನಾಗಿ ಮದುವೆ ಮುರಿಯದು ಎಂಬುದೂ ನಾಲ್ಕನೆಯ ಸೆಕ್ಷನ್ನಿನಲ್ಲಿ ಸೇರಿತು. ಇಂಥ ಮೊಕದ್ದಮೆಗಳನ್ನು ಮುಸ್ಲಿಂ ನ್ಯಾಯಾಧೀಶರೇ ಕೇಳಬೇಕೆಂಬ ಅಂಶವನ್ನು ಸಭೆ ಕೈಬಿಟ್ಟಿತು. ಅದಕ್ಕಾಗಿ ಹಲವು ಉಲೆಮಾಗಳು ಕಾಯಿದೆಯನ್ನೇ ಒಪ್ಪದೆ ಹೋದರು. ಹದಿನಾರು ವರ್ಷಗಳ ಅನಂತರ ಹಿಂದೂ ಹೆಣ್ಣುಮಕ್ಕಳಿಗೆ ಬಂದ ಹಕ್ಕು ಮುಸ್ಲಿಂ ಹೆಣ್ಣುಮಕ್ಕಳಿಗೆ ಆಗಲೇ ಬಂದಿತ್ತು ಎಂದರೆ ನಮ್ಮಲ್ಲಿ ಅನೇಕರು ನಂಬುವುದಿಲ್ಲ.

ಈ ಕಾಯಿದೆ ಇಂದಿಗೂ ಇದೆ. 1970ರಲ್ಲಿ ಕೇರಳ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಎರಡು ವರ್ಷ ಜೀವನಾಂಶ ಬಂದಿಲ್ಲವೆಂದರೆ ಸಾಕು, ತಪ್ಪು ಯಾರದೆಂದು ತೂಗುತ್ತ ಕೂರಬೇಕಿಲ್ಲ ಎಂದು ಅದನ್ನು ಉದಾರವಾಗಿ ವ್ಯಾಖ್ಯಾನಿಸಿದರು. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತಲು ಹಣ ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ಆದ್ದರಿಂದ ಬಹಳಷ್ಟು ಹೆಂಗಸರು ಜಮಾಅತಿನ ಮುಂದೆ, ಖಾಜಿಯ ಮುಂದೆ ಖುಲಾ ಕೇಳುತ್ತಾರೆ. ಅಲ್ಲಿ ಗಂಡ ಚೌಕಾಸಿಗೆ ಇಳಿಯುತ್ತಾನೆ. ಮಹರ್ ಬಿಡು, ಒಡವೆ ಬಿಡು, ಮಕ್ಕಳ ಖರ್ಚು ಕೇಳಬೇಡ ಎನ್ನುತ್ತಾನೆ. ತಾನೇ ತಲಾಖ್ ಕೊಟ್ಟರೆ ಮಹರ್ ತೆರಬೇಕು, ಹೆಂಡತಿ ಖುಲಾ ಕೇಳುವಂತೆ ಮಾಡಿದರೆ ಅದೂ ಉಳಿಯಿತು ಎಂದು ಲೆಕ್ಕ ಹಾಕಿ ಹಿಂಸಿಸುವವರೂ ಇದ್ದಾರೆ. ಹೆಂಡತಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಲು ಆಕೆಯನ್ನು ಪೀಡಿಸಬೇಡಿ ಎಂದು ಕುರ್‌ಆನ್ ಗಂಡಂದಿರಿಗೆ ಹೇಳಿರುವುದು ಈ ಜಾತಿಯವರನ್ನು ಕುರಿತೇ.

ಈ ಚೌಕಾಸಿಗೆ ಬೇರೆ ದೇಶಗಳು ಹಿಂದೆಯೇ ತಡೆ ಹಾಕಿದವು. ಪಾಕಿಸ್ತಾನದ ಸುಪ್ರೀಂ ಕೋರ್ಟು 1967ರಲ್ಲಿ, ಈಜಿಪ್ಟ್ 2000ದ ಕಾನೂನಿನಲ್ಲಿ, ಮಹರ್ ಹಿಂದಿರುಗಿಸುವ ಹೆಂಡತಿಗೆ ಗಂಡನ ಒಪ್ಪಿಗೆಯಿಲ್ಲದೆಯೂ ನ್ಯಾಯಾಲಯ ಖುಲಾ ಕೊಡಬಹುದು ಎಂದವು. ಎರಡೂ ಕಡೆ ಆಧಾರ ಅದೇ ಸಾಬಿತ್‌ನ ತೋಟ. ನಮ್ಮಲ್ಲಿ 2021ರಲ್ಲಿ ಕೇರಳ ಹೈಕೋರ್ಟಿನ ಪೀಠ, ನ್ಯಾಯಾಲಯದ ಹೊರಗೆ ಖುಲಾ ಪಡೆಯುವ ಹಕ್ಕನ್ನು ಅಲ್ಲಗಳೆದಿದ್ದ ತನ್ನದೇ 1972ರ ತೀರ್ಪನ್ನು ತಳ್ಳಿಹಾಕಿತು. ಖುಲಾ ಹೆಂಡತಿಯ ಸ್ವಂತ ಹಕ್ಕು, ಗಂಡನ ಕೃಪೆಯಲ್ಲ ಎಂಬುದು ಅದರ ನಿಲುವು.

ಬಿಡುಗಡೆಯಾದ ಮೇಲೆ ಹೊಟ್ಟೆಪಾಡು? ಇಂದೋರಿನ ಶಾಬಾನು ಪ್ರಕರಣ ನಿಮಗೆಲ್ಲ ಗೊತ್ತಿರುವುದೇ. ರಾಜಕೀಯವನ್ನು ಬದಿಗಿಟ್ಟು ಅಂಕಿಗಳನ್ನು ಮಾತ್ರ ನೋಡಿ. 1932ರಲ್ಲಿ ಮದುವೆ, 1975ರಲ್ಲಿ ಮನೆಯಿಂದ ಹೊರಕ್ಕೆ, 1978ರಲ್ಲಿ ತಲಾಖ್. ಗಂಡ ವಕೀಲ. ಮ್ಯಾಜಿಸ್ಟ್ರೇಟರು ಗೊತ್ತುಮಾಡಿದ ಜೀವನಾಂಶ ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಇಷ್ಟನ್ನು ಕೊಡಲಾರೆನೆಂದು ಗಂಡ ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ಸೋತ. ಮುಂದಿನ ವರ್ಷ ಸಂಸತ್ತು ಮಾಡಿದ ಕಾಯಿದೆ ಆಕೆಯ ಗೆಲುವನ್ನು ಕಿತ್ತುಕೊಂಡಿತೆಂದೇ ಎಲ್ಲರೂ ಭಾವಿಸಿದರು. ಆದರೆ 2001ರಲ್ಲಿ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನೇ ಬೇರೆ ರೀತಿ ಓದಿತು: ಇದ್ದತ್ ಅವಧಿಯೊಳಗೆ ಕೊಡಬೇಕು ಎಂದರೆ ಇದ್ದತ್ತಿಗಷ್ಟೇ ಸಾಲುವಷ್ಟು ಎಂದಲ್ಲ, ಆಕೆಯ ಮುಂದಿನ ಬಾಳಿಗೆ ಸಾಲುವಷ್ಟನ್ನು ಆ ಅವಧಿಯೊಳಗೆ ಕೊಡಬೇಕು ಎಂದು. ವಿಚ್ಛೇದಿತ ಮುಸ್ಲಿಂ ಮಹಿಳೆ ಎಲ್ಲ ಹೆಂಗಸರಂತೆ ದಂಡಪ್ರಕ್ರಿಯಾ ಸಂಹಿತೆಯಡಿಯಲ್ಲೂ ಜೀವನಾಂಶ ಕೇಳಬಹುದೆಂದು 2024ರ ಜುಲೈನಲ್ಲಿ ಮತ್ತೆ ಸ್ಪಷ್ಟವಾಯಿತು.

ತೀರ್ಪುಗಳು ಒಳ್ಳೆಯವೇ. ಕೈಗೆ ಸಿಗುವುದು ಯಾವಾಗ? ನಮ್ಮದೇ ಹೈಕೋರ್ಟಿನ ಒಂದು ಉದಾಹರಣೆ ಕೇಳಿ. ಬೆಂಗಳೂರಿನ ಮೊಕದ್ದಮೆ. 1991ರಲ್ಲಿ ಮದುವೆ, ಮಹರ್ 5,000 ರೂಪಾಯಿ, ಅದೇ ವರ್ಷ ತಲಾಖ್. ಹೆಂಡತಿ 2002ರಲ್ಲಿ ದಾವೆ ಹೂಡಿದರು. ತಿಂಗಳಿಗೆ 3,000 ರೂಪಾಯಿಯ ಡಿಕ್ರಿ 2011ರಲ್ಲಿ ಆಯಿತು. ಗಂಡನ ಕೊನೆಯ ತಕರಾರನ್ನು ನ್ಯಾಯಮೂರ್ತಿ ಕೃಷ್ಣ ದೀಕ್ಷಿತರು 25,000 ರೂಪಾಯಿ ವೆಚ್ಚ ಹೇರಿ ವಜಾಮಾಡಿದ್ದು 2021ರಲ್ಲಿ. ಮುಸ್ಲಿಂ ವಿವಾಹ ಕರಾರೇ ಇರಬಹುದು, ಆದರೆ ಕರಾರು ಮುಗಿದೊಡನೆ ಅದರಿಂದ ಹುಟ್ಟಿದ ಹೊಣೆಗಳೆಲ್ಲ ಮುಗಿಯುವುದಿಲ್ಲ ಎಂದು ಅವರು ವಿವರಿಸಿದರು. ಸರಿಯಾದ ಮಾತು. ತಲಾಖಿಗೂ ಈ ತೀರ್ಪಿಗೂ ನಡುವೆ ಮೂವತ್ತು ವರ್ಷ.

ತ್ರಿವಳಿ ತಲಾಖಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಕಾರಣವಿಲ್ಲದೆ, ರಾಜಿಯ ಯತ್ನವಿಲ್ಲದೆ ಹೇಳಿದ ತಲಾಖ್ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಶಮೀಮ್ ಆರಾ ಪ್ರಕರಣದಲ್ಲಿ ಹೇಳಿತ್ತು. 2017ರ ಆಗಸ್ಟಿನಲ್ಲಿ ಐವರ ಪೀಠ ಮೂರು–ಎರಡರ ಬಹುಮತದಿಂದ ಒಂದೇ ಉಸಿರಿನ ತಲಾಖನ್ನು ರದ್ದುಮಾಡಿತು. 2019ರ ಕಾಯಿದೆ ಅದನ್ನು ಮೂರು ವರ್ಷದವರೆಗಿನ ಸೆರೆವಾಸದ ಅಪರಾಧವನ್ನಾಗಿಸಿತು. ಸೆರೆಯಲ್ಲಿರುವ ಗಂಡ ಜೀವನಾಂಶವನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಯನ್ನು ಮಹಿಳಾ ಸಂಘಟನೆಗಳೇ ಎತ್ತಿದವು, ಅದು ನನಗೂ ನ್ಯಾಯವಾಗಿಯೇ ಕಾಣುತ್ತದೆ. ಅದು ಹಾಗಿರಲಿ. ಈ ಎಲ್ಲ ಕ್ರಮಗಳು ಗಂಡನ ಬಾಗಿಲನ್ನು ಕಿರಿದು ಮಾಡಿದವು. ನಾನು ಮೊದಲು ಹೇಳಿದೆನಲ್ಲ, ಬಿಡುಗಡೆ ಸಿಗದ ಹೆಂಡತಿ, ಅವಳ ಬಾಗಿಲು ಇವುಗಳಿಂದ ಒಂದು ಅಂಗುಲವೂ ಅಗಲವಾಗಲಿಲ್ಲ.

ಅವಳಿಗೆ ಇನ್ನೊಂದು ದಾರಿ ಶಾಸ್ತ್ರದಲ್ಲೇ ಇದೆ. ಬಹಳ ಮಂದಿಗೆ ಅದರ ಹೆಸರೂ ತಿಳಿಯದು. ತಲಾಖ್ ಎ ತಫ್ವೀಜ್, ಅಂದರೆ ವಹಿಸಿಕೊಟ್ಟ ತಲಾಖ್. ಗಂಡ ತನ್ನ ತಲಾಖಿನ ಅಧಿಕಾರವನ್ನು ಹೆಂಡತಿಗೆ ನಿಕಾಹ್‌ನಾಮೆಯಲ್ಲೇ ಬರೆದುಕೊಡಬಹುದು. ಇಂಥಿಂಥ ಷರತ್ತು ಮುರಿದರೆ ಆಕೆ ತನಗೆ ತಾನೇ ತಲಾಖ್ ಹೇಳಿಕೊಳ್ಳಬಹುದು. ಬಿಗಿಯಾದ ಹನಫಿಗಳೂ ಇದನ್ನು ಒಪ್ಪುತ್ತಾರೆ. ಥಾನವಿಯವರು ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿ ಬರೆದಿದ್ದಾರೆ. ಟ್ಯುನೀಸಿಯಾದ ಕೈರವಾನ್ ಪಟ್ಟಣದಲ್ಲಿ, ಗಂಡ ಎರಡನೆಯವಳನ್ನು ತಂದರೆ ಹೆಂಡತಿಗೆ ಬಿಡುಗಡೆ ಎಂಬ ಷರತ್ತು ಮದುವೆಯ ಕರಾರುಗಳಲ್ಲಿ ಶತಮಾನಗಳ ಕಾಲ ರೂಢಿಯಲ್ಲಿತ್ತು. ಬಂಗಾಳದ ಕಾಬಿನ್‌ನಾಮೆಗಳಲ್ಲೂ ಇಂಥ ಷರತ್ತುಗಳಿದ್ದವು, ಅವು ಊರ್ಜಿತವೆಂದು ಕಲ್ಕತ್ತ ಹೈಕೋರ್ಟು 1882ರಲ್ಲೇ ಹೇಳಿದೆ. ಪಾಕಿಸ್ತಾನದ ನಿಕಾಹ್‌ನಾಮೆಯ ಅಚ್ಚಿನ ನಮೂನೆಯಲ್ಲಿ ಇದಕ್ಕಾಗಿಯೇ ಹದಿನೆಂಟನೆಯ ಕಲಂ ಇದೆ. ಅನೇಕ ಕಡೆ ನಿಕಾಹ್ ಬರೆಸುವವರೇ ವಧುವನ್ನು ಕೇಳದೆ ಅದರ ಮೇಲೆ ಅಡ್ಡಗೆರೆ ಎಳೆದುಬಿಡುತ್ತಾರೆ. ಮದುವೆಯ ದಿನ ಬಿಡುವ ಮಾತು ಅಪಶಕುನ ಎಂಬ ಭಾವನೆ ಅಲ್ಲೂ ಇದೆ, ನಮ್ಮಲ್ಲೂ ಇದೆ.

ಈ ಷರತ್ತು ಬರೆಸುವಾಗ ಪದಗಳ ಬಗ್ಗೆ ಎಚ್ಚರ ಬೇಕು. ‘ಆಯ್ಕೆ ನಿನ್ನದು’ ಎಂದಷ್ಟೇ ಗಂಡ ಹೇಳಿದರೆ, ಆಕೆ ಆ ಕೂಟದಿಂದ ಎದ್ದೊಡನೆ ಅಧಿಕಾರ ಮುಗಿಯುತ್ತದೆ. ‘ಯಾವಾಗ ಬೇಕಾದರೂ’ ಎಂದು ಬರೆದರೆ ಉಳಿಯುತ್ತದೆ. ಶಾಸ್ತ್ರ ಇಷ್ಟು ಸೂಕ್ಷ್ಮ. ಕೆಲವು ವರ್ಷಗಳ ಹಿಂದೆ ನನ್ನ ವಕೀಲ ಮಿತ್ರರೊಬ್ಬರು ತಮ್ಮ ಮಗಳ ನಿಕಾಹ್‌ನಾಮೆಗೆ ಒಂದು ಹಾಳೆ ಸೇರಿಸಿದರು. ಒಂದು ವರ್ಷ ಮನೆಖರ್ಚು ಕೊಡದಿದ್ದರೆ, ಕೈಮಾಡಿದರೆ, ಇನ್ನೊಂದು ಮದುವೆಯಾದರೆ ಎಂದು ಮೂರು ಷರತ್ತು. ಮಾತುಕತೆ ಎರಡು ದಿನ ನಡೆಯಿತು, ನಾನೂ ಕೂತಿದ್ದೆ. ವರನ ಕಡೆಯ ಹಿರಿಯರೊಬ್ಬರು ಉಳಿದದ್ದನ್ನೆಲ್ಲ ಓದಿ ಒಪ್ಪಿ, ‘ಯಾವಾಗ ಬೇಕಾದರೂ’ ಎಂಬ ಎರಡು ಪದಗಳನ್ನು ಮಾತ್ರ ಹೊಡೆದುಹಾಕಿದರು. ಶಾಸ್ತ್ರ ಬಲ್ಲವರೇ ಇರಬೇಕು. ಮಿತ್ರರು ಹೊಸ ಹಾಳೆಯಲ್ಲಿ ಮತ್ತೆ ಬರೆದರು. ಅವರು ಮತ್ತೆ ಹೊಡೆದರು. ಮೂರನೆಯ ಹಾಳೆಯನ್ನು ಹುಡುಗನೇ ಕೇಳಿ ತೆಗೆದುಕೊಂಡ. ನಿಂತಲ್ಲೇ ಓದಿ, ಹಿರಿಯರ ಕೈಗೆ ಕೊಡದೆ, ಗೋಡೆಗೆ ಒತ್ತಿಹಿಡಿದು ಸಹಿ ಹಾಕಿದ.